ದಡದಲ್ಲಿ ಉಳಿದವಳು

ನಮ್ಮ ಅಮ್ಮ ಕಾಶ್ಮೀರದ ದಾಲ್ ಸರೋವರವನ್ನು ಕಂಡವಳಲ್ಲ. ಆದರೆ ಅದನ್ನು ಅವಳಷ್ಟು ಚೆನ್ನಾಗಿ ಬಣ್ಣಿಸುವವರನ್ನು ನಾನು ಇದುವರೆಗೂ ನೋಡಿಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಮೂವರು ಗೆಳೆಯರ ಜೊತೆ ಹದಿನೈದು ದಿನ ಕಾಶ್ಮೀರಕ್ಕೆ ಹೋಗಿ ಬಂದಿದ್ದರು. ಅಲ್ಲಿಂದ ಅವರು ಬರೆದ ಕಾಗದಗಳನ್ನೆಲ್ಲ ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು. ನೆಂಟರು ಬಂದಾಗ ಅಪ್ಪ ಶಿಕಾರಾ ದೋಣಿಯ ಕಥೆ ಶುರು ಮಾಡುವರು. ನಡುವೆ ಎಲ್ಲೋ ತಡವರಿಸುವರು. ಆಗ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ, "ಮಳೆ ಬಂದದ್ದು ಬುಧವಾರ ಅಲ್ಲ, ಗುರುವಾರ. ದೋಣಿಯವನು ನಿಮಗೆ ಕಂಬಳಿ ಕೊಟ್ಟ" ಎಂದು ತಿದ್ದುವಳು. ನಾವು ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಹೋಗಿ ಬಂದವರು ಅಪ್ಪ, ಜ್ಞಾಪಕ ಮಾತ್ರ ಅಮ್ಮನದು!

ಎಷ್ಟೋ ವರ್ಷಗಳ ಮೇಲೆ ಈ ಒಗ್ಗರಣೆಯ ವಾಸನೆ ನನ್ನ ಮೂಗಿಗೆ ಬಡಿದದ್ದು ಸ್ವಿಟ್ಜರ್ಲೆಂಡಿನಲ್ಲಿ. ನನ್ನ ಅಕ್ಕನ ಮಗಳು ಅಲ್ಲಿನ ಲೋಸಾನ್ ಊರಿನಲ್ಲಿ ಕೆಲಸದಲ್ಲಿದ್ದಾಗ ನಾನು ಮೂರು ವಾರ ಅವಳ ಮನೆಯಲ್ಲಿದ್ದೆ. ಅವಳು ಕೆಲಸಕ್ಕೆ ಹೋದರೆ ನಾನು ಇಳಿಜಾರಿನ ದಾರಿ ಹಿಡಿದು ಊಶಿ ಎಂಬ ಬಂದರಿಗೆ ಬಂದು ಕೂರುತ್ತಿದ್ದೆ. ಎದುರಿಗೆ ಜಿನೀವಾ ಸರೋವರ. ಬೇಸಿಗೆಯಲ್ಲಿ ಅಲ್ಲಿ ನೂರು ವರ್ಷ ಹಳೆಯ ಚಕ್ರದ ಹಡಗುಗಳು ಊರಿಂದೂರಿಗೆ ಓಡಾಡುತ್ತವೆ. ಒಳಗೆ ಕಟಕಟೆಗೆ ಒರಗಿ ನಿಂತರೆ ಉಕ್ಕಿನ ತೋಳುಗಳು ಚಕ್ರವನ್ನು ತಿರುಗಿಸುವುದನ್ನು ಕಣ್ಣಾರೆ ನೋಡಬಹುದು. ಒಂದು ದಿನ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ನಾನೂ ಒಂದು ಟಿಕೆಟ್ ಕೊಂಡೆ. ಹತ್ತುವ ಮೊದಲು ದಂಡೆಯ ಹಳೆಯ ಹೋಟೆಲೊಂದರ ಗೋಡೆಯ ಮೇಲಿನ ಫಲಕ ಕಣ್ಣಿಗೆ ಬಿತ್ತು. 1816ರ ಜೂನ್ ತಿಂಗಳಲ್ಲಿ ಬೈರನ್ ಕವಿ ಇಲ್ಲಿ ತಂಗಿ 'ದಿ ಪ್ರಿಸನರ್ ಆಫ್ ಷಿಲಾನ್' ಬರೆದನೆಂದು ಅದು ಹೇಳುತ್ತಿತ್ತು.

ತಕ್ಷಣ ನನ್ನ ಬಿ.ಎ. ತರಗತಿ ನೆನಪಾಯಿತು. ನಮಗೆ ಇಂಗ್ಲಿಷ್ ಹೇಳುತ್ತಿದ್ದ ಮೇಷ್ಟರು ಬೈರನ್ ಮತ್ತು ಷೆಲ್ಲಿ ಎಂಬ ಇಬ್ಬರು ಮಹಾಕವಿಗಳು ಒಂದೇ ಹಾಯಿದೋಣಿಯಲ್ಲಿ ಸರೋವರ ಸುತ್ತಿದ ಕಥೆಯನ್ನು ಮೈಮರೆತು ಹೇಳಿದ್ದರು. ಬಿರುಗಾಳಿ, ಕೋಟೆ, ಕವಿತೆ ಎಲ್ಲ ಇತ್ತು ಅದರಲ್ಲಿ. ಆ ಎಂಟು ದಿನ ಮನೆಯಲ್ಲಿ ಯಾರಿದ್ದರು ಎಂದು ಅವರು ಹೇಳಲಿಲ್ಲ. ನಾವು ಮೂವತ್ತು ಹುಡುಗಿಯರಿದ್ದೆವು, ನಾವೂ ಕೇಳಲಿಲ್ಲ.

ಈಗ ಕೇಳೋಣ.

ಮೊದಲು ಸರೋವರದ ಪರಿಚಯ. ಅಲ್ಲಿನವರು ಅದನ್ನು ಲೆಮಾನ್ ಎನ್ನುತ್ತಾರೆ. ಬಾಳೆಹಣ್ಣಿನಂತೆ ಬಾಗಿದ ನೀರು. ಉದ್ದ ಸುಮಾರು 73 ಕಿಲೋಮೀಟರು, ಅಗಲವಾದ ಕಡೆ ಸುಮಾರು 14, ಆಳ 310 ಮೀಟರು. ಪೂರ್ವದ ತುದಿಯಲ್ಲಿ ರೋನ್ ನದಿ ಒಳಗೆ ಬಂದು ಪಶ್ಚಿಮದ ಜಿನೀವಾದಲ್ಲಿ ಹೊರಗೆ ಹೋಗುತ್ತದೆ. ಉತ್ತರದ ದಡ ಸ್ವಿಟ್ಜರ್ಲೆಂಡಿನದು, ದ್ರಾಕ್ಷಿ ತೋಟಗಳದು. ದಕ್ಷಿಣದ ದಡದಲ್ಲಿ ಆಲ್ಪ್ಸ್ ಬೆಟ್ಟ ನೇರ ನೀರಿಗೆ ಇಳಿದಂತಿದೆ. ಆ ದಡದ ಬಹುಭಾಗ ಇಂದು ಫ್ರಾನ್ಸ್. 1816ರಲ್ಲಿ ಸಾರ್ಡಿನಿಯಾದ ರಾಜನ ಕೈಕೆಳಗಿನ ಸವಾಯ್ ಸೀಮೆ. ಒಂದು ದಡದಿಂದ ಇನ್ನೊಂದಕ್ಕೆ ಹೋದರೆ ರಾಜ್ಯ ಬದಲಾಗುತ್ತಿತ್ತು. ನೀರು ಮಾತ್ರ ಎರಡಕ್ಕೂ ಒಂದೇ.

ಆ ವರ್ಷದ ಮೇ ತಿಂಗಳಲ್ಲಿ ಜಿನೀವಾಕ್ಕೆ ಒಂದು ವಿಚಿತ್ರ ಸಂಸಾರ ಬಂದಿಳಿಯಿತು. ಪರ್ಸಿ ಷೆಲ್ಲಿಗೆ 23 ವರ್ಷ. ಜೊತೆಗಿದ್ದ ಮೇರಿಗೆ 18. ಅವಳ ಮಡಿಲಲ್ಲಿ ನಾಲ್ಕು ತಿಂಗಳ ಕೂಸು ವಿಲಿಯಂ. ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ಷೆಲ್ಲಿಯ ಹೆಂಡತಿ ಹ್ಯಾರಿಯೆಟ್ ತನ್ನೆರಡು ಮಕ್ಕಳೊಂದಿಗೆ ಇಂಗ್ಲೆಂಡಿನಲ್ಲಿದ್ದಳು. ಜೊತೆಗೆ ಮೇರಿಯ ಮಲತಂಗಿ, ಅವಳದೇ ವಯಸ್ಸಿನ ಕ್ಲೇರ್. ಆಕೆ ಬೈರನ್ನನ್ನು ಹುಡುಕಿಕೊಂಡೇ ಇವರನ್ನು ಇಲ್ಲಿಗೆ ಕರೆತಂದವಳು; ಆಗಲೇ ಅವನ ಮಗುವನ್ನು ಹೊತ್ತಿದ್ದಳು. ಮೇ 25ರಂದು ಬೈರನ್ ಬಂದ. ಅವನಿಗೆ 28 ವರ್ಷ, ಯೂರೋಪಿನಲ್ಲೆಲ್ಲ ಹೆಸರು. ಅವನ ಹೆಂಡತಿ ವರ್ಷದ ಆರಂಭದಲ್ಲೇ ಎಳೆಗೂಸು ಏಡಾಳನ್ನು ಎತ್ತಿಕೊಂಡು ತವರು ಸೇರಿದ್ದಳು. ಬೈರನ್ ಆ ಮಗಳ ಮುಖವನ್ನು ಮತ್ತೆಂದೂ ನೋಡಲಿಲ್ಲ. (ಅದೇ ಏಡಾ ಮುಂದೆ, 1843ರಲ್ಲಿ, ಬ್ಯಾಬೇಜನ ಗಣಕಯಂತ್ರದ ಮೇಲೆ ಟಿಪ್ಪಣಿ ಬರೆದು ಕಂಪ್ಯೂಟರ್ ಚರಿತ್ರೆಯಲ್ಲಿ ಹೆಸರಾದಳು.) ಬೈರನ್ನನ ಜೊತೆ ಪಾಲಿಡೋರಿ ಎಂಬ 20 ವರ್ಷದ ಡಾಕ್ಟರು.

ಬೈರನ್ ಕೊಲೋನ್ಯಿ ಗುಡ್ಡದ ಮೇಲಿನ ವಿಲ್ಲಾ ಡಿಯೊಡಾಟಿ ಎಂಬ ದೊಡ್ಡ ಮನೆ ಹಿಡಿದ. ಷೆಲ್ಲಿ ಸಂಸಾರ ಅದರ ಕೆಳಗೆ ನೀರಿನ ಅಂಚಿನಲ್ಲೇ ಇದ್ದ ಸಣ್ಣ ಮನೆಗೆ ಬಂತು. ಎರಡರ ನಡುವೆ ದ್ರಾಕ್ಷಿ ತೋಟದ ಕಾಲುಹಾದಿ. ಕೆಳಗೆ ಪುಟ್ಟ ಬಂದರು. ಅಲ್ಲಿ ಕವಿಗಳಿಬ್ಬರೂ ಸೇರಿ ಕೊಂಡ ಹಾಯಿದೋಣಿ ಕಟ್ಟಿರುತ್ತಿತ್ತು. ತಳದಲ್ಲಿ ಬೆನ್ನೆಲುಬಿನಂಥ ಅಡಿಮರವಿದ್ದ ದೋಣಿ. ಗಾಳಿಗೆ ಸುಲಭವಾಗಿ ಮಗುಚುವಂಥದಲ್ಲ.

ಮೇರಿಗೂ ದೋಣಿಯೆಂದರೆ ಪ್ರಾಣ. ಬಂದ ಹೊಸದರಲ್ಲಿ ದಿನವೂ ಸಂಜೆ ಆರಕ್ಕೆ ಹೊರಟು ರಾತ್ರಿ ಹತ್ತರವರೆಗೂ ನೀರಿನ ಮೇಲೆ ಇರುತ್ತಿದ್ದೆವು ಎಂದು ಅವಳೇ ಕಾಗದದಲ್ಲಿ ಬರೆದಿದ್ದಾಳೆ. ದಡ ಹತ್ತಿರವಾದಂತೆ ಹೂವಿನ, ಆಗ ತಾನೇ ಕೊಯ್ದ ಹುಲ್ಲಿನ ಪರಿಮಳ ಎದುರುಗೊಳ್ಳುತ್ತಿತ್ತಂತೆ. ಆದರೆ ಆ ಸುಖ ಹೆಚ್ಚು ದಿನ ಇರಲಿಲ್ಲ. ಮಳೆ ಹಿಡಿಯಿತು. ಅಂತಿಂಥ ಮಳೆಯಲ್ಲ. ಹಿಂದಿನ ವರ್ಷ, 1815ರ ಏಪ್ರಿಲ್‌ನಲ್ಲಿ, ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಆಕಾಶಕ್ಕೆ ಚಿಮ್ಮಿದ ಗಂಧಕದ ಅನಿಲ ಭೂಮಿಯ ಸುತ್ತ ಮಂಜಿನ ಪರದೆಯಂತೆ ಹರಡಿ ಬಿಸಿಲನ್ನು ತಡೆಯಿತು. ಯೂರೋಪಿಗೆ 1816 'ಬೇಸಿಗೆ ಇಲ್ಲದ ವರ್ಷ'ವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆ ಕೊಳೆತು ಮರುವರ್ಷ ಕ್ಷಾಮ ಬಂತು. ಎಲ್ಲಿಯ ಸುಂಬಾವಾ, ಎಲ್ಲಿಯ ಜಿನೀವಾ! ಆದರೆ ಒಂದು ಮನೆಯ ಒಲೆ ಹೊತ್ತಿ ಉರಿದರೆ ಇನ್ನೊಂದು ಮನೆಯ ಅಟ್ಟ ಮಸಿಯಾಗುವುದು ಹೀಗೇ. ಅಂದು ಯಾರಿಗೂ ಈ ಕಾರಣ ಗೊತ್ತಿರಲಿಲ್ಲ.

ಮಳೆಗೆ ಸಿಕ್ಕಿ ಐವರೂ ಡಿಯೊಡಾಟಿಯ ಬೆಂಕಿಯ ಮುಂದೆ ಕೂತು ದೆವ್ವದ ಕಥೆ ಓದಿದ್ದು, ಎಲ್ಲರೂ ಒಂದೊಂದು ಕಥೆ ಬರೆಯೋಣವೆಂದು ಬೈರನ್ ಹೇಳಿದ್ದು ಪ್ರಸಿದ್ಧ ಸಂಗತಿ. ಜೀವದ ಮೂಲ ಯಾವುದು, ಹೆಣಕ್ಕೆ ಮತ್ತೆ ಜೀವ ಬರಿಸಲಾದೀತೇ ಎಂದು ಕವಿಗಳಿಬ್ಬರೂ ಮಧ್ಯರಾತ್ರಿಯವರೆಗೆ ವಾದ ಮಾಡುವರು. ತಾನು ಬಾಯಿ ತೆರೆಯದೆ ಕೇಳುತ್ತಿದ್ದೆ ಎಂದು ಮೇರಿ ಮುಂದೆ ನೆನೆದಿದ್ದಾಳೆ. ಅವಳಿಗೆ ಅದು ಬರೀ ವಾದವಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ಅವಳ ಮೊದಲ ಹೆಣ್ಣುಮಗು ದಿನ ತುಂಬದೆ ಹುಟ್ಟಿ, ಕೆಲವೇ ದಿನ ಬದುಕಿ ಸತ್ತಿತ್ತು. ಆ ಮಗು ಸತ್ತಿರಲಿಲ್ಲ, ಚಳಿಯಾಗಿತ್ತಷ್ಟೆ, ಬೆಂಕಿಯ ಮುಂದೆ ಮೈ ಉಜ್ಜಿದಾಗ ಎದ್ದಿತು ಎಂದು ಕನಸು ಕಂಡು ದಿನಚರಿಯಲ್ಲಿ ಬರೆದುಕೊಂಡವಳು ಅವಳು. ಹೆತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಾಗುವಾಗ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಜೂನ್ ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಎರಡೂವರೆಗೆ ಬೈರನ್ ಮತ್ತು ಷೆಲ್ಲಿ ಅಂಬಿಗರನ್ನು ಕೂರಿಸಿಕೊಂಡು ಸರೋವರ ಸುತ್ತಲು ಹೊರಟರು. ಡಾಕ್ಟರ್ ಪಾಲಿಡೋರಿ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಉಳಿದ. ಮೇರಿ, ಕ್ಲೇರ್, ಕೂಸು ಮೂವರೂ ಉಳಿದರು. ಡಾಕ್ಟರು ಯಾಕೆ ಉಳಿದ ಎಂದು ಬೈರನ್ ತನ್ನ ಪ್ರಕಾಶಕನಿಗೆ ಕಾರಣ ಸಮೇತ ಬರೆದಿದ್ದಾನೆ. ಹೆಂಗಸರು ಯಾಕೆ ಉಳಿದರು ಎಂಬುದಕ್ಕೆ ಕಾರಣ ಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಪ್ರಯಾಣವೇನೋ ಸೊಗಸಾಗಿತ್ತು. ನೀರು ನಿಶ್ಚಲವಾಗಿತ್ತು, ಮೂರು ಗಂಟೆ ಹುಟ್ಟು ಹಾಕಿ ಅವರು ಹರ್ಮಾನ್ಸ್ ತಲುಪಿದರು. ಅಲ್ಲಿನ ಮುರುಕು ಗೋಪುರವನ್ನು ಜೂಲಿಯಸ್ ಸೀಸರನೇ ಕಟ್ಟಿಸಿದ್ದೆಂದು ಊರಿನವರು ಹೇಳಿದರಂತೆ. ನಮ್ಮಲ್ಲಿ ಊರಿಗೊಂದು ಭೀಮನ ಹೆಜ್ಜೆ ಇರುವುದಿಲ್ಲವೇ, ಹಾಗೆ! ಸೂರ್ಯ ಮುಳುಗುವ ಹೊತ್ತಿಗೆ ನೆರ್ನಿಯೆ. ಅಲ್ಲಿ ನೀರಿನ ದಂಡೆಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಗಂಟಲು ಬಾತಿತ್ತು. ಬೆಟ್ಟದ ಸೀಮೆಯ ನೀರಿನಲ್ಲಿ, ಆಹಾರದಲ್ಲಿ ಅಯೋಡಿನ್ ಇಲ್ಲದೆ ಬರುವ ಗಳಗಂಡ ಅದು. ನಡುವೆ ಒಬ್ಬ ಹುಡುಗ ಮಾತ್ರ ಚಂದ್ರನ ತುಂಡಿನಂತಿದ್ದ. ಬೈರನ್ ಅವನ ಕೈಗೊಂದು ಕಾಸು ಕೊಟ್ಟ. ಹುಡುಗ ಮಾತಾಡದೆ ತೆಗೆದುಕೊಂಡು ಆಟಕ್ಕೆ ಓಡಿದ. ಛತ್ರದ ಹಾಸಿಗೆ ನೋಡಿ ಬೈರನ್ನನಿಗೆ ತನ್ನ ಗ್ರೀಸ್ ಯಾತ್ರೆ ನೆನಪಾಯಿತು. ಅಂಥ ಹಾಸಿಗೆಯಲ್ಲಿ ಮಲಗಿ ಐದು ವರ್ಷವಾಗಿತ್ತಂತೆ.

ಮರುದಿನ ಇವ್ವಾರ್ ಎಂಬ ಹಳ್ಳಿಯ ಹಳೆಯ ಕೋಟೆಯನ್ನು ಹಾಯ್ದು ಸಂಜೆ ಎವಿಯಾನ್. ಇಂದು ಆ ಊರಿನ ಹೆಸರು ಸೀಸೆಯ ನೀರಿನ ಮೇಲೆ ಜಗತ್ತೆಲ್ಲ ಸುತ್ತುತ್ತದೆ. ಅಂದು ಅಲ್ಲಿ ಷೆಲ್ಲಿ ಕಂಡದ್ದು ಬಡತನ ಮತ್ತು ರೋಗ. ರಾಜನ ಆಳ್ವಿಕೆಯ ಈ ದಡಕ್ಕೂ ಸ್ವತಂತ್ರ ಸ್ವಿಸ್ ದಡಕ್ಕೂ ಇರುವ ಅಂತರ ಕೆಲವೇ ಮೈಲಿಯ ನೀರಿನಲ್ಲಿ ಎಷ್ಟು ಢಾಳಾಗಿ ಕಾಣುತ್ತದೆ ಎಂದು ಅವನು ಬರೆದ. ಪಾಸ್‌ಪೋರ್ಟಿನ ವಿಷಯಕ್ಕೆ ತಕರಾರೆತ್ತಿದ ಊರಿನ ಅಧಿಕಾರಿ ಬೈರನ್ ಒಬ್ಬ ಲಾರ್ಡ್ ಎಂದು ಗೊತ್ತಾದೊಡನೆ ಕ್ಷಮೆ ಕೇಳಿದ. ಅದು ಎಲ್ಲ ಕಾಲದ ಕಥೆ, ಬಿಡಿ.

ಮೂರನೆಯ ದಿನ ಮೆಯೆರಿ. ಅಲ್ಲಿ ಊಟಕ್ಕೆ ಬಡಿಸಿದ ಜೇನಿನಂಥ ಜೇನನ್ನು ತಾನು ಎಂದೂ ತಿಂದಿರಲಿಲ್ಲವೆಂದು ಷೆಲ್ಲಿ ಹೇಳುತ್ತಾನೆ. ಜೇನು ತಿಂದು ದೋಣಿ ಬಿಟ್ಟರೆ ಎದುರಿಗೆ ಬಿರುಗಾಳಿ. ಅಲೆಗಳು ಎದ್ದವು. ಹಾಯಿಯನ್ನು ಸಡಿಲಿಸಬೇಕಾದ ಹೊತ್ತಿನಲ್ಲಿ ಅಂಬಿಗನೊಬ್ಬ ಅದನ್ನೇ ಬಿಗಿಹಿಡಿದ. ಚುಕ್ಕಾಣಿ ಮುರಿಯಿತು. ಒಂದು ಅಲೆ ದೋಣಿಯೊಳಗೆ ಬಿತ್ತು, ಹಿಂದೆಯೇ ಇನ್ನೊಂದು. ಬೈರನ್ ಒಳ್ಳೆಯ ಈಜುಗಾರ, ಕೋಟು ಕಳಚಿದ. ಷೆಲ್ಲಿಗೆ ಈಜು ಬಾರದು. ಅವನೂ ಕೋಟು ಕಳಚಿ ಕೈಕಟ್ಟಿ ಕುಳಿತ. ತನಗೆ ಸಾವಿನ ಭಯಕ್ಕಿಂತ ಹೆಚ್ಚಾಗಿ ಕಾಡಿದ್ದು ನಾಚಿಕೆ ಎಂದು ಅವನು ಬರೆದಿದ್ದಾನೆ. ತನ್ನನ್ನು ಉಳಿಸಲು ಹೋಗಿ ಬೈರನ್ನನ ಜೀವಕ್ಕೆ ಅಪಾಯವಾದೀತಲ್ಲ ಎಂಬ ನಾಚಿಕೆ. ಹೇಗೋ ದೋಣಿ ಸ್ಯಾಂ ಜೆಂಗೊಲ್ಫ್ ಊರಿನ ದಡ ಸೇರಿತು. ದಂಡೆಯಲ್ಲಿ ಗುಂಪು ಕೂಡಿದ್ದ ಜನ, ಇವರು ಬದುಕಿ ಬಂದದ್ದನ್ನು ಕಂಡು ಮುಖಮುಖ ನೋಡಿಕೊಂಡರು.

ನಾನು ಆ ಕಾಗದವನ್ನು ಓದುತ್ತ ಇಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಗಳಿಗೆಯಲ್ಲಿ ಅವನಿಗೆ ಬೈರನ್ ನೆನಪಾದ, ನಿಜ. ಆದರೆ ಸರೋವರದ ಇನ್ನೊಂದು ತುದಿಯಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಐದು ತಿಂಗಳ ಕೂಸನ್ನು ತೂಗುತ್ತಿದ್ದಳು. ಅವಳ ನೆನಪು ಆ ಸಾಲುಗಳಲ್ಲಿಲ್ಲ. ಕಾಗದ ಪೀಕಾಕ್ ಎಂಬ ಗೆಳೆಯನಿಗೆ ಬರೆದದ್ದು. ಗಂಡಸು ಗಂಡಸಿಗೆ ಬರೆಯುವಾಗ ಮನೆಯ ಮಾತು ಬಿಟ್ಟಿರಬಹುದು ಎಂದು ನಾನೇ ಸಮಾಧಾನ ಹೇಳಿಕೊಂಡೆ. ದಡಕ್ಕೆ ಬಂದ ಮೇಲೆ ಅವಳಿಗೆ ಹೇಳಿಯೇ ಹೇಳಿರುತ್ತಾನೆ.

ಅಲ್ಲಿಂದ ಮುಂದೆ ಶಿಯೋನ್ ಕೋಟೆ. ಇಂಗ್ಲಿಷರ ಬಾಯಲ್ಲಿ ಇದೇ ಷಿಲಾನ್. ನಾನು ಚಿತ್ರಾನ್ನ ಕಟ್ಟಿಕೊಂಡು ಹೋದದ್ದೂ ಇಲ್ಲಿಗೇ. ನೀರಿನಿಂದಲೇ ಎದ್ದು ನಿಂತ ಕಲ್ಲಿನ ಕೋಟೆ. ಅದರ ನೆಲಮಾಳಿಗೆಯಲ್ಲಿ ಬೊನಿವಾರ್ ಎಂಬ ಜಿನೀವಾದ ದೇಶಪ್ರೇಮಿಯನ್ನು ಸವಾಯ್ ದೊರೆ ಕಂಬಕ್ಕೆ ಕಟ್ಟಿಸಿದ್ದ. 1530ರಲ್ಲಿ ಸೆರೆಯಾದವನು ಬರ್ನ್ ಸೈನ್ಯ ಕೋಟೆಯನ್ನು ಹಿಡಿದ 1536ರಲ್ಲಿ ಹೊರಬಂದ. ಕಂಬವೊಂದರ ಮೇಲೆ ಕೆತ್ತಿದ ಬೈರನ್ನನ ಹೆಸರನ್ನು ಇಂದಿಗೂ ಗಾಜು ಹಾಕಿ ತೋರಿಸುತ್ತಾರೆ. ಪಕ್ಕದ ಕ್ಲಾರಾನ್ ಹಳ್ಳಿ ರೂಸೋ 1761ರಲ್ಲಿ ಪ್ರಕಟಿಸಿದ 'ಜೂಲಿ' ಕಾದಂಬರಿಯ ನೆಲ. ಷೆಲ್ಲಿ ದಾರಿಯುದ್ದಕ್ಕೂ ಅದನ್ನು ಮೊದಲ ಬಾರಿಗೆ ಓದುತ್ತಿದ್ದ. ನಾಯಕಿ ಓಡಾಡಿದ ತೋಪನ್ನು ಇಬ್ಬರೂ ನಿಜವಾದ ಊರೆಂಬಂತೆ ಹುಡುಕಿದರು. ಎಂದೂ ಹುಟ್ಟದ ಜೂಲಿಯ ಹೆಜ್ಜೆಗುರುತು ಹುಡುಕುವ ಸಂಭ್ರಮ ನೋಡಿ!

ವೆವೆ ದಾಟಿ ಊಶಿ ತಲುಪಿದಾಗ ಮತ್ತೆ ಮಳೆ. ಎರಡು ದಿನ ಅಲ್ಲೇ ಸಿಕ್ಕಿಬಿದ್ದರು. ಬೈರನ್ ಫಲಕದಲ್ಲಿರುವ ಕವಿತೆ ಬರೆದ. ಮೇಲಿನ ಲೋಸಾನ್‌ನಲ್ಲಿ ಇತಿಹಾಸಕಾರ ಗಿಬ್ಬನ್ 1787ರಲ್ಲಿ ರೋಮಿನ ಚರಿತ್ರೆ ಮುಗಿಸಿದ ಮನೆಯನ್ನು ನೋಡಿ, ತೋಟದಿಂದ ಅಕೇಶಿಯಾ ಎಲೆ ಕಿತ್ತುಕೊಂಡ. ಷೆಲ್ಲಿ ಕೀಳಲಿಲ್ಲ; ಅವನ ಪಾಲಿಗೆ ರೂಸೋ ದೊಡ್ಡವನು. ಜೂನ್ 30ರ ಭಾನುವಾರ ಸಂಜೆ ದೋಣಿ ತನ್ನ ಪುಟ್ಟ ಬಂದರಿಗೆ ಮರಳಿತು.

ಆ ಎಂಟು ದಿನ ಮೇರಿ ಏನು ಮಾಡಿದಳು? ಕೂಸಿಗೆ ಹಾಲೂಡಿಸಿದಳೇ, ಮಳೆ ನಿಂತಾಗ ದ್ರಾಕ್ಷಿ ತೋಟದಲ್ಲಿ ನಡೆದಳೇ, ಬಿರುಗಾಳಿ ಬೀಸಿದ ಸಂಜೆ ದಂಡೆಗೆ ಬಂದು ನಿಂತಳೇ? ಅವಳು ದಿನಚರಿ ಬರೆಯುವವಳು. ಆದರೆ 1815ರ ಮೇ ತಿಂಗಳಿಂದ 1816ರ ಜುಲೈವರೆಗಿನ ಆ ಪುಸ್ತಕ ಕಳೆದುಹೋಗಿದೆ. ಗಂಡಸರ ಎಂಟು ದಿನಕ್ಕೆ ಗಂಟೆಗಂಟೆಯ ಲೆಕ್ಕವಿದೆ. ಅವಳ ಎಂಟು ದಿನಕ್ಕೆ ಒಂದು ಹಾಳೆಯೂ ಇಲ್ಲ.

ಹಾಗೆಂದು ಅವಳನ್ನು ಕಣ್ಣೀರಿನ ಗೊಂಬೆ ಮಾಡಬೇಕಿಲ್ಲ. ಅವಳ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, 1792ರಲ್ಲಿ ಹೆಣ್ಣಿನ ಹಕ್ಕುಗಳನ್ನು ಎತ್ತಿ ಹಿಡಿದು ಗ್ರಂಥ ಬರೆದ ಧೀರೆ. 1795ರಲ್ಲಿ ಎಳೆಯ ಮಗಳನ್ನು ಮತ್ತು ಒಬ್ಬ ದಾದಿಯನ್ನು ಕರೆದುಕೊಂಡು ಸ್ವೀಡನ್, ನಾರ್ವೆಯ ಕಡಲತೀರ ಸುತ್ತಿ ಪ್ರವಾಸ ಪುಸ್ತಕ ಪ್ರಕಟಿಸಿದವಳು. ಕೈಯಲ್ಲಿ ಕೂಸಿದ್ದರೆ ದೋಣಿ ಹತ್ತಲಾಗದು ಎಂದು ಆ ತಾಯಿಗೆ ಹೇಳುವ ಧೈರ್ಯ ಯಾರಿಗಿತ್ತು? ಈ ಎರಡನೆಯ ಮಗಳನ್ನು ಹೆತ್ತ ಹನ್ನೊಂದನೆಯ ದಿನ ಬಾಣಂತಿ ಜ್ವರದಲ್ಲಿ ಆಕೆ ತೀರಿಕೊಂಡಳು. ಮಗಳು ಅಮ್ಮನನ್ನು ಓದಿಯೇ ಬಲ್ಲವಳು. ಜುಲೈ ತಿಂಗಳಲ್ಲಿ ಇವಳೂ ಕೂಸನ್ನು ದಾದಿಗೆ ಒಪ್ಪಿಸಿ ಷೆಲ್ಲಿ, ಕ್ಲೇರರೊಡನೆ ಶಮೋನಿಯ ಹಿಮನದಿ ನೋಡಿ ಬಂದಳು. ಆ ಹಿಮನದಿ ಅವಳ ಕಥೆಯೊಳಗೆ ಹರಿಯಿತು.

ಕ್ಲೇರಳ ಪಾಡು ಬೇರೆ. ಬೈರನ್ನನಿಗೆ ಅವಳು ಆಗಲೇ ಬೇಡವಾಗಿದ್ದಳು. ಅವಳ ಅಕ್ಷರ ಮಾತ್ರ ಬೇಕಿತ್ತು. ಅವನ 'ಚೈಲ್ಡ್ ಹೆರಾಲ್ಡ್' ಕಾವ್ಯದ ಮೂರನೆಯ ಸರ್ಗವನ್ನು ಅಚ್ಚಿಗೆ ಅಂದವಾಗಿ ನಕಲು ಮಾಡಿಕೊಟ್ಟವಳು ಅವಳೇ. ಹೊಟ್ಟೆಯಲ್ಲಿ ಅವನ ಮಗು, ಕೈಯಲ್ಲಿ ಅವನ ಕಾವ್ಯ. ಆ ಮಗು ಅಲೆಗ್ರಾ, 1817ರ ಜನವರಿಯಲ್ಲಿ ಹುಟ್ಟಿ, ತಾಯಿಯಿಂದ ದೂರವಾಗಿ, ಐದು ವರ್ಷದವಳಿದ್ದಾಗ ಇಟಲಿಯ ಕಾನ್ವೆಂಟೊಂದರಲ್ಲಿ ತೀರಿಕೊಂಡಿತು. ಇಂಗ್ಲೆಂಡಿನಲ್ಲೇ ಉಳಿದಿದ್ದ ಹ್ಯಾರಿಯೆಟ್ ಅದೇ 1816ರ ಚಳಿಗಾಲದಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಕೊಳಕ್ಕೆ ಬಿದ್ದು ಪ್ರಾಣ ಬಿಟ್ಟಳು. ಡಿಸೆಂಬರ್ 30ರಂದು ಷೆಲ್ಲಿ ಮೇರಿಯನ್ನು ಮದುವೆಯಾದ. ಬೈರನ್, ಷೆಲ್ಲಿಯರ ಕವಿತೆಗೆ ತಲೆದೂಗುವಾಗ ಈ ಹೆಂಗಸರ ಲೆಕ್ಕವೂ ಪಕ್ಕದಲ್ಲಿ ಇರಲಿ ಎಂದು ನನಗನ್ನಿಸುತ್ತದೆ. ಕವಿತೆ ಕೆಟ್ಟದಾಗುವುದಿಲ್ಲ, ನಾವು ಸ್ವಲ್ಪ ನ್ಯಾಯವಂತರಾಗುತ್ತೇವೆ.

ಈಗ ನನ್ನ ಅಮ್ಮನ ಬಿಸ್ಕತ್ತಿನ ಡಬ್ಬಿಗೆ ಬರೋಣ. ಸರೋವರದ ಈ ಯಾನ ಜಗತ್ತಿಗೆ ಮೊದಲು ವಿವರವಾಗಿ ತಿಳಿದದ್ದು 1817ರಲ್ಲಿ ಹೊರಬಂದ 'ಆರು ವಾರಗಳ ಪ್ರವಾಸದ ಚರಿತ್ರೆ' ಎಂಬ ಪುಟ್ಟ ಪುಸ್ತಕದಿಂದ. ಅದರ ಮೇಲೆ ಹೆಸರಿರಲಿಲ್ಲ. ಸಿದ್ಧಪಡಿಸಿದವಳು ಮೇರಿ. 1814ರ ತಮ್ಮ ಪ್ರವಾಸದ ದಿನಚರಿ, ಜಿನೀವಾದಿಂದ ಬರೆದ ತನ್ನ ಕಾಗದಗಳು, ಪೀಕಾಕನಿಗೆ ಷೆಲ್ಲಿ ಬರೆದ ಕಾಗದಗಳು, ಕೊನೆಗೆ ಅವನ 'ಮೌಂಟ್ ಬ್ಲಾಂಕ್' ಕವಿತೆ, ಎಲ್ಲವನ್ನೂ ಹೊಂದಿಸಿ ಅವಳು ಅಚ್ಚಿಗೆ ಕೊಟ್ಟಳು. ತಾನು ಹತ್ತದ ದೋಣಿಯ ಕಥೆಯನ್ನು ತಾನೇ ಬಾಳಿಸಿದಳು.

ಮರುವರ್ಷದ ಮೊದಲ ದಿನ, 1818ರ ಜನವರಿ 1ರಂದು, 'ಫ್ರಾಂಕನ್‌ಸ್ಟೈನ್' ಬಂತು. 500 ಪ್ರತಿ, ಅದರಲ್ಲೂ ಲೇಖಕಿಯ ಹೆಸರಿಲ್ಲ. ಮುನ್ನುಡಿಯಲ್ಲಿ ಒಂದು ವಿಚಿತ್ರವಿದೆ. ಹವೆ ತಿಳಿಯಾದೊಡನೆ ನನ್ನ ಗೆಳೆಯರಿಬ್ಬರೂ ನನ್ನನ್ನು ಬಿಟ್ಟು ಬೆಟ್ಟಗಳ ಕಡೆ ಹೊರಟುಹೋದರು, ತಮ್ಮ ಭೂತದ ಕಥೆಗಳನ್ನು ಮರೆತರು, ಮುಗಿದದ್ದು ಇದೊಂದೇ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಆ 'ನಾನು' ಮೇರಿ. ಆದರೆ ಆ ಮುನ್ನುಡಿಯನ್ನು ಬರೆದವನು ಷೆಲ್ಲಿ ಎಂದು ಅವಳು 1831ರಲ್ಲಿ ತಿಳಿಸಿದಳು. ಬಿಟ್ಟು ಹೋದವನೇ ಉಳಿದವಳ ಬಾಯಿಂದ, ಅವರು ನನ್ನನ್ನು ಬಿಟ್ಟು ಹೋದರು ಎಂದು ಹೇಳಿಸಿದ್ದಾನೆ! ಅದು ತುಂಟತನವೋ, ತಪ್ಪೊಪ್ಪಿಗೆಯೋ? ಎರಡೂ ಇದ್ದೀತು. ಓದಿದ ಅನೇಕರು ಕಾದಂಬರಿಯೂ ಅವನದೇ ಎಂದುಕೊಂಡರು. ಅವಳ ಹೆಸರು ಪುಸ್ತಕದ ಮೇಲೆ ಕಾಣಿಸಿಕೊಂಡದ್ದು 1823ರ ಮುದ್ರಣದಲ್ಲಿ.

ಕಾದಂಬರಿಯಲ್ಲಿ ಈ ಸರೋವರ ಮತ್ತೆ ಮತ್ತೆ ಬರುತ್ತದೆ. ಕೊನೆಯ ಭಾಗದಲ್ಲಿ ವಿಕ್ಟರ್ ಫ್ರಾಂಕನ್‌ಸ್ಟೈನ್ ಮದುವೆಯಾದ ದಿನವೇ ಹೆಂಡತಿ ಎಲಿಜಬೆತ್‌ಳೊಡನೆ ದೋಣಿ ಹತ್ತುತ್ತಾನೆ. ತಿಳಿಯಾದ ಆಕಾಶ, ಒಂದು ಕಡೆ ಜೂರಾ, ಇನ್ನೊಂದು ಕಡೆ ಮೌಂಟ್ ಬ್ಲಾಂಕ್. ರಾತ್ರಿ ತಂಗುವುದು ಕವಿಗಳು ತಂಗಿದ ಅದೇ ಎವಿಯಾನ್‌ನಲ್ಲಿ. ಬಿರುಗಾಳಿ ಎದ್ದ ಆ ರಾತ್ರಿಯೇ ವಿಕ್ಟರ್ ಸೃಷ್ಟಿಸಿ ತೊರೆದುಬಿಟ್ಟ ಜೀವಿ ಅವಳ ಕತ್ತು ಹಿಸುಕುತ್ತದೆ. ಗಂಡ ಪಿಸ್ತೂಲು ಹಿಡಿದು ತನ್ನ ಜೀವಕ್ಕೆ ಕಾವಲು ಕಾಯುತ್ತಿದ್ದ. ಅಪಾಯ ಅವಳಿಗಿದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಇದಕ್ಕೆ ಅದೇ ಅರ್ಥ ಎಂದು ನಾನು ಹಟ ಹಿಡಿಯಲಾರೆ. ಆದರೆ ಹದಿನೆಂಟರ ಹುಡುಗಿ ಬಾಯಿ ತೆರೆಯದೆ ಕೇಳುತ್ತ ಕುಳಿತಾಗ ಎಷ್ಟೆಲ್ಲ ಕೇಳಿಸಿಕೊಂಡಿದ್ದಳು ಎಂದು ಬೆರಗಾಗುತ್ತದೆ.

ಸರೋವರ ಉಳಿಸಿ ಕಳಿಸಿದ ಷೆಲ್ಲಿಯನ್ನು ಸಮುದ್ರ ಬಿಡಲಿಲ್ಲ. 1822ರ ಜುಲೈ 8ರಂದು ಇಟಲಿಯ ತೀರದಲ್ಲಿ ಅವನ ಹಾಯಿದೋಣಿ ಬಿರುಗಾಳಿಗೆ ಮುಳುಗಿತು. ಆಗಲೂ ಮೇರಿ ದಡದಲ್ಲಿದ್ದಳು, ದಿನಗಟ್ಟಲೆ ಕಾದಳು. ಅವಳಿಗೆ 24 ವರ್ಷ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟಾಗಿತ್ತು. ಆ ಬೇಸಿಗೆಯ ಕೂಸು ವಿಲಿಯಂ 1819ರಲ್ಲಿ ರೋಮಿನಲ್ಲಿ ಹೋಗಿದ್ದ. ಉಳಿದ ಒಬ್ಬ ಮಗನನ್ನು ಲೇಖನಿಯಿಂದ ದುಡಿದು ಸಾಕಿದಳು. ಗಂಡನ ಚೆಲ್ಲಾಪಿಲ್ಲಿ ಹಸ್ತಪ್ರತಿಗಳನ್ನು ಬಿಡಿಸಿ ಓದಿ 1824ರಲ್ಲಿ ಒಂದು ಸಂಕಲನ, 1839ರಲ್ಲಿ ಟಿಪ್ಪಣಿಗಳ ಸಹಿತ ಸಮಗ್ರ ಕವಿತೆಗಳನ್ನು ತಂದಳು. ಸೌಂದರ್ಯವನ್ನು ಕುರಿತ ಅವನ ಪ್ರಸಿದ್ಧ ಸ್ತೋತ್ರ ಬೈರನ್ನನೊಡನೆ ಸರೋವರ ಸುತ್ತುವಾಗ ಹೊಳೆದದ್ದು ಎಂದು ಹೇಳಿದವಳು, ಆ ದಾರಿಯಲ್ಲಿ ಅವನು ರೂಸೋನನ್ನು ಮೊದಲ ಬಾರಿಗೆ ಓದುತ್ತಿದ್ದ ಎಂದು ಬರೆದಿಟ್ಟವಳು ಅವಳೇ. ನಮ್ಮ ಮೇಷ್ಟರು ಮೈಮರೆತು ಹೇಳಿದ ಕಥೆಯ ಬಹುಪಾಲು ಅವಳ ಡಬ್ಬಿಯಿಂದ ಬಂದದ್ದು.

1840ರಲ್ಲಿ ಇಟಲಿಯಿಂದ ಮರಳುವಾಗ ಮೇರಿ ಮತ್ತೆ ಈ ಸರೋವರದ ದಾರಿಯಲ್ಲಿ ಬಂದಳು. ಅವಳಿಗೆ 43 ವರ್ಷ. 1823ರಲ್ಲೇ ಇಲ್ಲಿಗೆ ಉಗಿಹಡಗು ಬಂದಿತ್ತು. ಊರೂರು ಸುತ್ತಲು ಗಾಳಿಯನ್ನು ಕಾಯಬೇಕಿರಲಿಲ್ಲ. ಮೋಡ ಕವಿದಿತ್ತು, ದೂರದ ಬೆಟ್ಟ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ದಡದ ಮೇಲೆ ಡಿಯೊಡಾಟಿ ಕಂಡಿತು. ಕೆಳಗೆ ತಾವಿದ್ದ ಸಣ್ಣ ಮನೆ, ದ್ರಾಕ್ಷಿ ತೋಟ, ಕಾಲುಹಾದಿ, ದೋಣಿ ಕಟ್ಟುತ್ತಿದ್ದ ಪುಟ್ಟ ಬಂದರು. ಷೆಲ್ಲಿ ಇಲ್ಲ, ಬೈರನ್ 1824ರಲ್ಲಿ ಗ್ರೀಸಿನಲ್ಲಿ ಹೋದ, ಪಾಲಿಡೋರಿ ಅದಕ್ಕೂ ಮೊದಲೇ. ಕೂಸೂ ಇಲ್ಲ. ಅಲ್ಲಿ ಬದುಕಿದವಳು ನಾನೇನಾ ಎಂದು ಅವಳಿಗನ್ನಿಸಿತು. ಇದನ್ನು ಅವಳು 1844ರ ತನ್ನ ಪ್ರವಾಸ ಪುಸ್ತಕದಲ್ಲಿ ಬರೆದಳು. ಈ ಸಲ ಮುಖಪುಟದ ಮೇಲೆ ಅವಳ ಹೆಸರಿತ್ತು, ಪ್ರಯಾಣವೂ ಅವಳದೇ.

ಶಿಯೋನ್‌ನಿಂದ ಹಡಗಿನಲ್ಲಿ ಮರಳುವಾಗ ನನ್ನ ಪಕ್ಕದಲ್ಲಿ ಒಬ್ಬ ಎಳೆಯ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮಗು ಚಕ್ರ ಚಿಮ್ಮಿಸುವ ನೀರಿಗೆ ಕೈ ಚಾಚುತ್ತಿತ್ತು. ಚಿತ್ರಾನ್ನದ ಡಬ್ಬಿ ಖಾಲಿಯಾಗಿತ್ತು. ಊರಿಗೆ ಬಂದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ: ಬಂದರುಗಳ ಹೆಸರು, ಕೋಟೆಯ ಕಂಬ, ಜೇನು. ಅವಳಿಗೆ ಎಂಬತ್ತು ದಾಟಿತ್ತು, ಕಿವಿ ಮಂದ. ಎಲ್ಲ ಕೇಳಿ, "ಒಬ್ಬಳೇ ಹೋದೆಯಾ?" ಎಂದಳು. ಹೂಂ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಬರ್ತೀನಿ ಅಂದಿದ್ದೆ ಆಗ. ಮಕ್ಕಳನ್ನ ಯಾರು ನೋಡ್ಕೋತಾರೆ ಅಂದ್ರು" ಎಂದಳು. ದಾಲ್ ಸರೋವರದ ಕಥೆಯನ್ನು ನೂರು ಸಲ ಕೇಳಿದ್ದೆ. ಈ ಮಾತನ್ನು ಕೇಳಿದ್ದು ಅದೇ ಮೊದಲು.